ಬೂಟ್ ಸೆಕ್ಟರೂ ಹಳೆಯ ಪ್ರೊಸೆಸರೂ

ಬಯೋಸ್ ಬಳಸುವ ಕಂಪ್ಯೂಟರಿಗೆ ವಿದ್ಯುತ್ತು ಹರಿದೊಡನೆ ಎಚ್ಚರಗೊಳ್ಳುವ ಆ ಆರಂಭಿಕ ತಂತ್ರಾಂಶವು ಸ್ಮೃತಿ, ಕೀಲಿಮಣೆ ಮೊದಲಾದ ಅಂಗಗಳನ್ನು ಪರೀಕ್ಷಿಸಿದ ಬಳಿಕ, ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದಿ, ಸ್ಮೃತಿಯ 31,744ನೆಯ ವಿಳಾಸದಲ್ಲಿರಿಸಿ, ಯಂತ್ರದ ಸಮಸ್ತ ಅಧಿಕಾರವನ್ನೂ ಅವುಗಳಿಗೆ ಒಪ್ಪಿಸಿಬಿಡುತ್ತದೆ. ಇದೇ ಬೂಟ್ ಸೆಕ್ಟರು. ಹಾರ್ಡ್ ಡಿಸ್ಕಿನಲ್ಲಾದರೆ 64 ಬೈಟುಗಳನ್ನು ವಿಭಾಗಗಳ ಪಟ್ಟಿಯೂ, ಕಡೆಯ ಎರಡನ್ನು 85, 170 ಎಂಬ ಮುದ್ರೆಯೂ ಆಕ್ರಮಿಸುವುದರಿಂದ, ಬರೆಯುವವನಿಗೆ ಉಳಿಯುವುದು 446 ಬೈಟುಗಳು ಮಾತ್ರ.

ಇಷ್ಟು ಇಕ್ಕಟ್ಟಾದ ಸ್ಥಳದಲ್ಲಿ ಒಂದೊಂದು ಬೈಟನ್ನೂ ಉಳಿಸಬೇಕೆಂಬ ಆಸೆಯಿಂದ ಬರೆಯುವವನು 1982ರ 80186 ಪ್ರೊಸೆಸರಿನೊಡನೆ ಬಂದ ಆಜ್ಞೆಗಳ ಕಡೆಗೆ ಕೈಚಾಚುವುದು ಸಹಜವೇ ಆಗಿದೆ. ಎಂಟು ರಿಜಿಸ್ಟರುಗಳನ್ನು ಒಮ್ಮೆಗೇ ಸ್ಟ್ಯಾಕಿಗೆ ಏರಿಸುವ 96 ಎಂಬ ಏಕಬೈಟಿನ ಆಜ್ಞೆ ಅಂಥದೊಂದು. ಆದರೆ 1981ರ ಐಬಿಎಂ ಪಿಸಿಯ ಹೃದಯವಾದ 8088 ಪ್ರೊಸೆಸರಿಗೆ, ತಾನರಿಯದ ಆಜ್ಞೆಯೊಂದು ಎದುರಾದಾಗ ಕೆಲಸವನ್ನು ತಡೆದು ದೋಷವನ್ನು ಸಾರುವ ಏರ್ಪಾಡೇ ಇಲ್ಲ. ಅದು 96ನ್ನು 112 ಎಂದೇ, ಅರ್ಥಾತ್ ‘ಲೆಕ್ಕವು ಮಿತಿಮೀರಿದ್ದರೆ ನೆಗೆ’ ಎಂಬ ಎರಡು ಬೈಟುಗಳ ಆಜ್ಞೆಯೆಂದೇ ಗ್ರಹಿಸಿ, ಮುಂದಿನ ಆಜ್ಞೆಯ ಮೊದಲ ಬೈಟನ್ನು ನೆಗೆತದ ದೂರವೆಂದು ನುಂಗಿಬಿಡುತ್ತದೆ. ಅಲ್ಲಿಂದ ಮುಂದೆ ಆಜ್ಞೆಗಳ ಸಂಧಿಸ್ಥಾನವೇ ತಪ್ಪಿ, ಬರೆದದ್ದೊಂದು, ನಡೆಯುವುದು ಮತ್ತೊಂದು. ರಿಜಿಸ್ಟರಿನ ಅಂಕೆಗಳನ್ನು ನಾಲ್ಕು ಸ್ಥಾನ ಸರಿಸಲೆಂದು ಬರೆದ 193 ಇನ್ನೂ ಅಪಾಯಕರ: 8088 ಅದನ್ನು 195 ಎಂದೋದಿಕೊಂಡು, ಕರೆದವರೇ ಇಲ್ಲದೆಡೆಯಲ್ಲಿ ‘ಹಿಂದಿರುಗು’ ಎಂಬ ಆಜ್ಞೆಯನ್ನು ಪಾಲಿಸಿ, ಸ್ಟ್ಯಾಕಿನಲ್ಲಿ ಕಂಡ ಯಾವುದೋ ವಿಳಾಸಕ್ಕೆ ಹೊರಟುಹೋಗುತ್ತದೆ. ತೆರೆಯ ಮೇಲೆ ಒಂದಕ್ಷರವೂ ಮೂಡದೆ ಯಂತ್ರವು ಸ್ತಬ್ಧವಾಗುವುದಕ್ಕೆ ಇಷ್ಟೇ ಸಾಕು.

ಪರಿಹಾರವು ಸರಳವಾದರೂ ಶ್ರದ್ಧೆಯನ್ನು ಬೇಡತಕ್ಕದ್ದು. ಸರಿಸಬೇಕಾದ ಸ್ಥಾನಗಳ ಸಂಖ್ಯೆಯನ್ನು ಮೊದಲು ಸಿಎಲ್ ರಿಜಿಸ್ಟರಿನಲ್ಲಿಟ್ಟು ಆಮೇಲೆ ಸರಿಸಿದರೆ, ಮೂರು ಬೈಟುಗಳ ಕೆಲಸವು ನಾಲ್ಕರಲ್ಲಿ ಮುಗಿಯುತ್ತದೆ. ರಿಜಿಸ್ಟರುಗಳಲ್ಲಿ ನಿಜವಾಗಿ ಕಾಪಾಡಬೇಕಾದವುಗಳನ್ನಷ್ಟೇ ಆರಿಸಿ ಒಂದೊಂದಾಗಿ ಏರಿಸಿದರಾಯಿತು. ಹೀಗೆ ಹೆಚ್ಚಿದ ಬೈಟುಗಳಿಗೆ ಬೇರೆಡೆಯಲ್ಲಿ ಒಂದು ಸಂದೇಶವನ್ನು ಮೊಟಕುಗೊಳಿಸಿಯೋ, ಒಂದು ನೆಗೆತವನ್ನು ತಪ್ಪಿಸಿಯೋ ಸ್ಥಳವನ್ನು ಹೊಂದಿಸಬೇಕು. ಈ ವಿದ್ಯೆಯ ನಿಜವಾದ ನೈಪುಣ್ಯವು ಕಾಣುವುದು ಇಲ್ಲಿಯೇ.

ಆದಿಕಾಲದ ಕೆಲವು 8088 ಚಿಪ್ಪುಗಳಲ್ಲಿ ಮತ್ತೊಂದು ಲೋಪವಿತ್ತು. ಸ್ಟ್ಯಾಕಿನ ಸ್ಥಾನವನ್ನು ಸೂಚಿಸುವ ಎರಡು ರಿಜಿಸ್ಟರುಗಳಲ್ಲಿ ಒಂದನ್ನು ಬದಲಿಸಿ ಇನ್ನೊಂದನ್ನು ಬದಲಿಸುವಷ್ಟರಲ್ಲಿ ಗಡಿಯಾರದ ಇಂಟರಪ್ಟ್ ಬಂದರೆ, ಮರಳಬೇಕಾದ ವಿಳಾಸವು ಸಲ್ಲದ ಸ್ಮೃತಿಸ್ಥಾನದಲ್ಲಿ ಬರೆಯಲ್ಪಡುತ್ತಿತ್ತು. ಇಂಟೆಲ್ ಇದನ್ನು ಮುಂದಿನ ಚಿಪ್ಪುಗಳಲ್ಲಿ ಸರಿಪಡಿಸಿತಾದರೂ, ಹಳೆಯವುಗಳಿಗಾಗಿ ಇಂಟರಪ್ಟುಗಳನ್ನು ತಡೆದು, ಎರಡನ್ನೂ ಬದಲಿಸಿ, ಮತ್ತೆ ಬಿಡುವುದು ಕ್ಷೇಮ. ಅದಕ್ಕೆ ತಗಲುವುದು ಎರಡೇ ಬೈಟುಗಳು.

ಇಂಥ ತಪ್ಪುಗಳಾವುವೂ ಹೊಸ ಯಂತ್ರದಲ್ಲಿ ಗೋಚರಿಸವು. 8088ಕ್ಕೆಂದು ತಿದ್ದಿದ ಬರಹವಾದರೋ 386ರಲ್ಲಿಯೂ ಪೆಂಟಿಯಮ್ಮಿನಲ್ಲಿಯೂ ಹಾಗೆಯೇ ನಡೆಯುತ್ತದೆ. ಆದುದರಿಂದ ಬೂಟ್ ಸೆಕ್ಟರನ್ನು ಬರೆಯುವವರು ಅದನ್ನು ಮೊದಲು ಅತ್ಯಂತ ಹಳೆಯ ಯಂತ್ರದಲ್ಲಿಯೇ ಪರೀಕ್ಷಿಸಿ ನೋಡಬೇಕು.