ಮೌಖಿಕ ಆದೇಶಕ್ಕೊಂದು ಚೌಕ

ದೆಹಲಿಗೆ ಬಂದ ಎರಡನೇ ವರ್ಷ ಒಂದು ಸರ್ಕಾರಿ ಕಚೇರಿಗೆ ಕಡತ ನಿರ್ವಹಣೆಯ ತಂತ್ರಾಂಶ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕೋಡ್‌ಗೆ ಕೈ ಹಾಕುವ ಮೊದಲು, ಎಂಥ ಕಚೇರಿ ಬೇಕು ಎಂದು ಅಲ್ಲಿನವರನ್ನೇ ಕೇಳೋಣವೆನಿಸಿತು. ಇದಕ್ಕೆ ಕ್ಯಾಮರಾನ್ ಮತ್ತು ಕ್ವಿನ್ ಅವರ ಪ್ರಶ್ನಾವಳಿಯೊಂದಿದೆ. ಕುಟುಂಬ, ಹೊಸತನ, ಮಾರುಕಟ್ಟೆ, ಶ್ರೇಣಿ ಎಂಬ ನಾಲ್ಕು ಬಗೆಯ ಸಂಸ್ಕೃತಿಗಳಿಗೆ 100 ಅಂಕ ಹಂಚಬೇಕು. ಈಗ ಇರುವುದಕ್ಕೆ ಒಮ್ಮೆ, ಬೇಕಾದುದಕ್ಕೆ ಇನ್ನೊಮ್ಮೆ.

ಮೇಲಧಿಕಾರಿಗಳು ವೇಗ, ಗುರಿ ಎಂದರು. ಅದು ನಿರೀಕ್ಷಿತವೇ. ಗುಮಾಸ್ತರು, ಸೆಕ್ಷನ್ ಆಫೀಸರ್‌ಗಳು ಮನೆಯಂಥ ವಾತಾವರಣಕ್ಕೆ ಅಂಕ ಕೊಟ್ಟರು, ಆದರೆ ಶ್ರೇಣಿಯ ಅಂಕ ಇಳಿಸಲು ಒಪ್ಪಲಿಲ್ಲ. ಶ್ರೇಣಿಯ ಭಾರ ಹೊರುವವರೇ ಅದನ್ನು ಬಿಡಲೊಲ್ಲರಲ್ಲ ಎಂದು ನನಗೆ ವಿಚಿತ್ರವೆನಿಸಿತು.

ಜಗಳ ಬಂದದ್ದು ಒಂದು ಗುಂಡಿಯ ವಿಷಯಕ್ಕೆ. ಟಿಪ್ಪಣಿ ಬರೆಯದೆ ಕಡತ ಹಿಂದಿರುಗಿಸುವ ಸೌಲಭ್ಯ ಬೇಕೆಂದು ಮೇಲಿನವರು ಕೇಳಿದರು. ಸೆಕ್ಷನ್‌ನವರು ಸುತರಾಂ ಬೇಡ ಎಂದರು. ಅವರಲ್ಲೊಬ್ಬರು ಧಾರವಾಡದವರು, ನಿವೃತ್ತಿಗೆ ಹತ್ತಿರವಾದವರು. ಚಹಾ ಕುಡಿಸುತ್ತಾ ಹೇಳಿದರು: "ತಮ್ಮಾ, ಸಾಹೇಬ್ರು ಫೋನಿನ್ಯಾಗ 'ಮಾಡ್ರಿ' ಅಂತಾರ. ನಾಳೆ ಆಡಿಟ್‌ನವ್ರು ಬಂದ್ರ ಫೋನ್ ತೋರಸ್ಲಿಕ್ಕೆ ಬರ್ತದೇನು? ಕಡತದಾಗ ನನ್ನ ಸಹಿ ಒಂದ ಇರ್ತದ."

ಇದು ಅವರೊಬ್ಬರ ಅಂಜಿಕೆಯಲ್ಲ. ಮೇಲಿನವರ ನಿರ್ದೇಶನ ಸಾಮಾನ್ಯವಾಗಿ ಲಿಖಿತವಾಗಿರಬೇಕು, ಬಾಯಿಮಾತಿನಲ್ಲಿ ಹೇಳಿದ್ದನ್ನು ಆಮೇಲೆ ಬರಹದಲ್ಲಿ ದೃಢಪಡಿಸಬೇಕು ಎಂದು ಅಖಿಲ ಭಾರತ ಸೇವೆಗಳ 1968ರ ನಡತೆ ನಿಯಮಗಳೇ ಹೇಳುತ್ತವೆ. 2013ರ ಅಕ್ಟೋಬರ್‌ನಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಮೌಖಿಕ ಆದೇಶಗಳನ್ನು ದಾಖಲಿಸಬೇಕೆಂದಿತು. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಂತೂ, ಸಾರ್ವಜನಿಕ ಹಿತವಿಲ್ಲದೆ ಯಾರಿಗಾದರೂ ಆರ್ಥಿಕ ಲಾಭವಾಗುವಂತೆ ಮಾಡಿದರೆ ಅದೇ ಅಪರಾಧ ಎನ್ನುವ ಉಪವಿಧಿ 2018ರ ತಿದ್ದುಪಡಿಯವರೆಗೂ ಇತ್ತು. ಅಂಥ ದಿನಗಳಲ್ಲಿ ನೌಕರಿ ಮಾಡಿದವರು ಕಾಗದವನ್ನು ನೆಚ್ಚದೆ ಇನ್ನೇನನ್ನು ನೆಚ್ಚಿಯಾರು? ನಮ್ಮ ಐಟಿ ಕಂಪನಿಗಳಲ್ಲಿ ಮ್ಯಾನೇಜರನ್ನು ಹೆಸರು ಹಿಡಿದು ಕರೆಯುತ್ತೇವೆ ನಿಜ. ಆದರೂ ಫೋನ್ ಇಟ್ಟಕೂಡಲೇ 'ನಾವು ಮಾತಾಡಿದಂತೆ' ಎಂದು ಮೇಲ್ ಹಾಕುವವರೂ ನಾವೇ.

ಗುಂಡಿಯನ್ನು ಕೈಬಿಡುವಂತೆ ನನ್ನ ಮ್ಯಾನೇಜರನ್ನು ಒಪ್ಪಿಸಲು ಮೂರು ವಾರ ಹಿಡಿಯಿತು. ಬದಲಿಗೆ 'ಮೌಖಿಕ ಸೂಚನೆಯ ಮೇರೆಗೆ' ಎಂಬ ಒಂದು ಚೌಕ ಸೇರಿಸಿದೆ. ಯಾರು, ಯಾವಾಗ ಹೇಳಿದರು ಎಂದು ಬರೆದರೆ, ಹೇಳಿದವರ ಪರದೆಗೆ ಅದು ದೃಢೀಕರಣಕ್ಕೆ ಹೋಗುತ್ತದೆ.

ಮೊದಲು ಬಳಸಿದವರು ಧಾರವಾಡದ ಆ ಹಿರಿಯರೇ. ಆ ದೃಢೀಕರಣ ಬರಲೇ ಇಲ್ಲ. ತಿಂಗಳೊಳಗೆ ಅವರನ್ನು ಹಳೆಯ ದಾಖಲೆಗಳ ಕೋಣೆಗೆ ಹಾಕಿದರು. ಕಾರಣವನ್ನು ಯಾರೂ ಬರೆಯಲಿಲ್ಲ. ಭೇಟಿಗೆ ಹೋದಾಗ ನನಗೆ ತಲೆಯೆತ್ತಿ ನೋಡಲಾಗಲಿಲ್ಲ. ಅವರು ಮಾತ್ರ ಧೂಳು ಒರೆಸಿ ಕುರ್ಚಿ ಕೊಟ್ಟು, "ಚೌಕ ತಗದಿಲ್ಲಲಾ?" ಎಂದು ಕೇಳಿದರು.

ತೆಗೆದಿಲ್ಲ ಎಂದೆ.