ಬಿಸಿಲಿಗೆ ನಿಂತ ಬಾಟ್ಲಿ ನೀರು

ಬಳ್ಳಾರಿ ಬಿಸಿಲಿನ ಬಗ್ಗೆ ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಏಪ್ರಿಲ್ ಬಂತೆಂದರೆ ನಲವತ್ತು ಡಿಗ್ರಿ ದಾಟುವ ಊರು. ಬಸ್ಸಿಳಿದವರ ಕೈ ಮೊದಲು ಹೋಗುವುದೇ ನೀರಿನ ಬಾಟ್ಲಿಗೆ. ಆದರೆ ಆ ಬಾಟ್ಲಿ ಅಲ್ಲೀವರೆಗೆ ಎಲ್ಲಿತ್ತು ಅಂತ ಯಾರಾದರೂ ನೋಡ್ತಾರಾ? ಬಿಸ್ಕತ್ತು, ಬೀಡಿ ಅಂಗಡಿಯೊಳಗೆ ನೆರಳಲ್ಲಿ ಕೂತಿರುತ್ತವೆ. ನೀರಿನ ಕೇಸು ಮಾತ್ರ ಹೊರಗೆ, ಸೂರ್ಯನಾರಾಯಣನಿಗೆ ಎದುರಾಗಿ!

ಜಾಗ ಇಲ್ಲ ಸ್ವಾಮಿ ಅಂತಾರೆ ಅಂಗಡಿಯವರು. ಸರಿ, ಹತ್ತಡಿ ಮಳಿಗೆಯಲ್ಲಿ ಏನೇನು ಇಡೋದು? ಆದರೂ ಬಾಟ್ಲಿ ಯಾವುದರಿಂದ ಆದದ್ದು ಅಂತ ತಿಳಿದರೆ ಕೇಸನ್ನು ಒಳಗೆಳೆಯಲು ಮನಸ್ಸು ಬಂದೀತು.

ಈ ಬಾಟ್ಲಿ ಟೆರಿಲಿನ್ ಶರ್ಟಿನ ಒಡಹುಟ್ಟಿದ ತಮ್ಮ. 1941ರಲ್ಲಿ ಇಂಗ್ಲೆಂಡಿನಲ್ಲಿ ಬಟ್ಟೆಯ ನೂಲಿಗೆಂದು ಕಂಡುಹಿಡಿದ ಪದಾರ್ಥವೇ ಇದು. ಮೂಲ, ನೆಲದಡಿಯ ಕಚ್ಚಾ ಎಣ್ಣೆ. ಅದರಿಂದ ಬರುವ ಟೆರೆಫ್ತಾಲಿಕ್ ಆಮ್ಲವನ್ನೂ ಎಥಿಲೀನ್ ಗ್ಲೈಕಾಲನ್ನೂ ಕಾಯಿಸಿ ಕೂಡಿಸಿದರೆ 'ಪೆಟ್' ಎಂಬ ಪ್ಲಾಸ್ಟಿಕ್. ಎರಡೂ ಬೇಗ ಕೂಡಲಿ ಅಂತ ಸಾಮಾನ್ಯವಾಗಿ ಆಂಟಿಮನಿಯ ಸಂಯುಕ್ತವೊಂದನ್ನು ಹಾಕುತ್ತಾರೆ. ಅದು ಚೂರು ಚೂರು ಒಳಗೇ ಉಳಿಯುತ್ತದೆ. ಕಾರ್ಖಾನೆಗೆ ಮೊದಲು ಬರುವುದು ದಪ್ಪನೆಯ ಗಾಜಿನ ನಳಿಗೆಯಂಥ ಒಂದು ಮೊಗ್ಗು; ಕತ್ತಿನ ಮರೆ ಆಗಲೇ ತಯಾರು. ಅದನ್ನು ಕಾಯಿಸಿ, ಒಳಗೆ ಸರಳು ತೂರಿಸಿ ಉದ್ದಕ್ಕೆ ಎಳೆದು, ಗಾಳಿ ಊದಿದರೆ ಬಲೂನಿನ ಹಾಗೆ ಉಬ್ಬಿ ಅಚ್ಚಿಗೆ ಅಂಟಿಕೊಂಡು ಬಾಟ್ಲಿಯಾಗುತ್ತದೆ. ಅದಕ್ಕೇ, ಕುದಿಯುವ ಕಾಫಿ ಸುರಿದರೆ ಮುದುಡಿಹೋಗೋದು. ಎಪ್ಪತ್ತೈದು ಡಿಗ್ರಿ ಹೊತ್ತಿಗೆಲ್ಲ ಈ ಪದಾರ್ಥ ಮೆತ್ತಗಾಗುತ್ತದೆ.

ಇನ್ನು ಆರೋಗ್ಯದ ಮಾತು. 2008ರಲ್ಲಿ ಅಮೆರಿಕದ ಅರಿಜೋನಾ ಎಂಬ ಬಿಸಿಲು ನಾಡಿನ ವಿಜ್ಞಾನಿಗಳು ಇದನ್ನೇ ಅಳೆದರು. ಬಾಟ್ಲಿ 80 ಡಿಗ್ರಿಯಲ್ಲಿದ್ದರೆ ಎರಡೂಕಾಲು ದಿನದಲ್ಲಿ ನೀರಿಗಿಳಿದ ಆಂಟಿಮನಿ ಆ ದೇಶದ ಮಿತಿ ದಾಟುತ್ತದೆ. 60 ಡಿಗ್ರಿಯಲ್ಲಾದರೆ ಅದಕ್ಕೆ 176 ದಿನ ಬೇಕು. ಅಂದರೆ ಒಂದು ಬಾಟ್ಲಿ ಕುಡಿದ ಕೂಡಲೇ ಆಸ್ಪತ್ರೆಗೆ ಓಡಬೇಕಿಲ್ಲ. ಹಾಗಂತ ಬಾಗಿಲು ಮುಚ್ಚಿದ ಕಾರಿನ ಗಾಜಿನ ಹಿಂದೆ, ಲಾರಿ ಕ್ಯಾಬಿನ್ನಿನಲ್ಲಿ ತಿಂಗಳುಗಟ್ಟಲೆ ಬೇಯಿಸಿದ ನೀರನ್ನು ಕುಡಿಯುವುದು ಜಾಣತನವೂ ಅಲ್ಲ. 2024ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಒಂದು ಲೀಟರ್ ಬಾಟ್ಲಿ ನೀರಿನಲ್ಲಿ ಸರಾಸರಿ 2 ಲಕ್ಷ 40 ಸಾವಿರ ಪ್ಲಾಸ್ಟಿಕ್ ಕಣ ಎಣಿಸಿದರು. ಅವು ಹೊಟ್ಟೆಗೆ ಹೋಗಿ ಏನು ಮಾಡುತ್ತವೆ ಎಂಬುದರಲ್ಲಿ ವಿಜ್ಞಾನಿಗಳಲ್ಲೇ ಇನ್ನೂ ತೀರ್ಮಾನ ಆಗಿಲ್ಲ. ಅದೇ ಬಾಟ್ಲಿಗೆ ವಾರಗಟ್ಟಲೆ ನಲ್ಲಿ ನೀರು ತುಂಬಿ ಕುಡಿಯುವವರ ಸಂಗತಿ ಬೇರೆ. ಕಿರಿದಾದ ಕತ್ತು, ಒಳಗೆ ಕೈ ಹೋಗಲ್ಲ, ಲೋಳೆ ಕಟ್ಟುತ್ತದೆ. ಕಣಕ್ಕಿಂತ ಮೊದಲು ಹೊಟ್ಟೆ ಕೆಡಿಸುವುದು ಅದು.

ನಿಷೇಧ ಆಗಿಲ್ವಾ ಅಂತ ಕೇಳಬಹುದು. 2016ರಲ್ಲಿ ಕರ್ನಾಟಕ ಸರ್ಕಾರ ನಿಷೇಧಿಸಿದ್ದು ಕೈಚೀಲ, ತಟ್ಟೆ, ಲೋಟ, ಫ್ಲೆಕ್ಸ್ ಮುಂತಾದವನ್ನು. 2022ರ ಜುಲೈ 1ರಿಂದ ಬಂದ ಕೇಂದ್ರದ ಪಟ್ಟಿಯಲ್ಲೂ ನೀರಿನ ಬಾಟ್ಲಿ ಇಲ್ಲ.

ಹೋಗಲಿ, ಖಾಲಿಯಾದ ಮೇಲೆ? ಗುಜರಿಯವನಿಗೆ ಪೆಟ್ ಬಾಟ್ಲಿ ಬೇಕೇ ಬೇಕು. ಬಣ್ಣ ಬೇರೆ ಮಾಡಿ, ಚೂರು ಹೊಡೆದು, ಬಿಸಿನೀರು ಕಾಸ್ಟಿಕ್ ಸೋಡಾದಲ್ಲಿ ತೊಳೆಯುತ್ತಾರೆ. ನೀರಿಗೆ ಹಾಕಿದರೆ ಮುಚ್ಚಳದ ಚೂರು ತೇಲುತ್ತದೆ, ಬಾಟ್ಲಿಯ ಚೂರು ಮುಳುಗುತ್ತದೆ. ಮುಳುಗಿದ್ದನ್ನು ಕರಗಿಸಿ ಎಳೆದರೆ ಮತ್ತೆ ನೂಲು. ಟೆರಿಲಿನ್ ತಮ್ಮ ಅಂದೆವಲ್ಲ, ಮನೆಗೆ ವಾಪಸು! 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಪ್ರಧಾನಿ ಮೋದಿಯವರಿಗೆ ಇಂಡಿಯನ್ ಆಯಿಲ್‌ನವರು ಕೊಟ್ಟ ನೀಲಿ ಜಾಕೆಟ್ ಇಂಥ ಬಾಟ್ಲಿ ನೂಲಿನದೇ. ಎರಡು ದಿನ ಕಳೆದು ಅದನ್ನೇ ತೊಟ್ಟು ಅವರು ಸಂಸತ್ತಿಗೆ ಹೋದರು.

ಕುಡಿದಾದ ಮೇಲೆ ಹಿಚುಕಿ ಹಾಕಿ ಅಂತ ಲೇಬಲ್ಲಿನ ಮೇಲೆ ಬರೆದಿರುವುದು ಸುಮ್ಮನಲ್ಲ. ಹಿಚುಕದ ಬಾಟ್ಲಿಗೆ ಯಾವುದೋ ನೀರು ತುಂಬಿ ಮತ್ತೆ ಮಾರಬಹುದು. ಹಿಚುಕಿದ್ದು ಆಯುವವರ ಚೀಲದಲ್ಲಿ ಎರಡರಷ್ಟು ಹಿಡಿಯುತ್ತದೆ. ಆದರೆ ಬಸ್ಸಿನ ಸೀಟಿನಡಿ ಎಲೆಯಡಿಕೆ ಉಗುಳು ತುಂಬಿ ಬಿಟ್ಟುಹೋದ ಬಾಟ್ಲಿ ಇರ್ತದಲ್ಲ, ಅದನ್ನು ಯಾವ ತಾಯಿ ಮುಟ್ಟಿಯಾಳು?