ಪ್ರೆಗ್ನೆನ್ಸಿ ಕಿಟ್‌ಗೂ ಇಲಿಗೂ ಏನು ಸಂಬಂಧ?

ಪ್ರಶ್ನೆ: ಪ್ರೆಗ್ನೆನ್ಸಿ ಕಿಟ್‌ಗಾಗಿ ಇಲಿಗಳಿಗೆ ಹಿಂಸೆ ಕೊಡುತ್ತಾರಂತೆ, ನಿಜವೇ?
– ಓದುಗರೊಬ್ಬರು, ಕ್ಯಾಸಂಬಳ್ಳಿ

ಉತ್ತರ: ಒಂದು ವಿಧಾನದಲ್ಲಿ ನಿಜ. ಮೆಡಿಕಲ್ ಶಾಪ್‌ನ ಆ ಕಿಟ್ ಕೆಲಸ ಮಾಡುವುದು ಮೋನೋಕ್ಲೋನಲ್ ಪ್ರತಿಕಾಯಗಳಿಂದ. ಇಲಿಯ ರೋಗನಿರೋಧಕ ಕೋಶವನ್ನು ಕ್ಯಾನ್ಸರ್ ಕೋಶದೊಡನೆ ಬೆಸೆದು ಇವನ್ನು ಪಡೆಯುವ ದಾರಿಯನ್ನು 1975ರಲ್ಲಿ ವಿಜ್ಞಾನಿಗಳಾದ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ತೋರಿಸಿದರು.

ಬೆಸೆದ ಕೋಶಗಳನ್ನು ಇಲಿಯ ಹೊಟ್ಟೆಗೆ ಚುಚ್ಚಿದರೆ ಅಲ್ಲಿ ಗೆಡ್ಡೆ ಬೆಳೆದು ನೀರು ತುಂಬುತ್ತದೆ. ಹೊಟ್ಟೆ ಉಬ್ಬಿ ಉಸಿರಾಟವೂ ಕಷ್ಟವಾಗುತ್ತದೆ. ಆ ನೀರನ್ನು ಸೂಜಿಯಿಂದ ಹೀರಿ ಪ್ರತಿಕಾಯ ತೆಗೆಯುತ್ತಾರೆ. ಪ್ರಯೋಗಾಲಯಕ್ಕೆ ಸುಲಭ, ಇಲಿಗೆ ನರಕ.

ಈಗ ಇದಕ್ಕೆ ನೆಪ ಉಳಿದಿಲ್ಲ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆಂದು ಬೆಂಗಳೂರಿನ ಬಯೋಕಾನ್ 2006ರಲ್ಲಿ ಬಿಡುಗಡೆ ಮಾಡಿದ ನಿಮೋಟುಝುಮ್ಯಾಬ್ ಎಂಬ ಇಂಥದ್ದೇ ಪ್ರತಿಕಾಯ ತಯಾರಾಗುವುದು ಬಯೋರಿಯಾಕ್ಟರ್‌ನಲ್ಲಿ ಬೆಳೆಸಿದ ಕೋಶಗಳಿಂದ. ಆದರೂ ಇಲಿ ಪೂರ್ತಿ ಪಾರಾಗಿಲ್ಲ: ಹೊಸ ಪ್ರತಿಕಾಯ ಹುಡುಕುವಾಗ ಮೊದಲ ಕೋಶಗಳಿಗಾಗಿ ಹಲವೆಡೆ ಇಂದಿಗೂ ಇಲಿಯನ್ನೇ ಕೊಲ್ಲುತ್ತಾರೆ.